ಸಿಂಪಿಗೆ ಮೊಸರು ಕುಡಿಸಿದರೆ ವಿಷ ಇಳಿಯುತ್ತಾ? ಆರ್ಕಶೋನ್ ಕೊಲ್ಲಿಯ ಕಥೆ

ಭಾನುವಾರದ ವಿಡಿಯೋದಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಅವಸರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ, ಎರಡೆರಡು ಸಲ ಹೇಳಿದ್ದನ್ನ ತೆಗೆದಿದ್ದೇನೆ.

ಇದು ಶುರುವಾಗಿದ್ದು ಒಂದು ಫೋನ್ ಕಾಲ್‌ನಿಂದ. ನಾನಿರೋದು ಠಾಣೆಯಲ್ಲಿ. ಶುಕ್ರವಾರ ರಾತ್ರಿ ಹತ್ತು ಗಂಟೆ, ಅಮೆರಿಕದವರ ಮೀಟಿಂಗ್ ನಡೀತಾ ಇದೆ, ನಾನು ಮ್ಯೂಟ್‌ನಲ್ಲಿ ಕೂತಿದ್ದೇನೆ. ಊರಿಂದ ಮಾವನ ಫೋನು. ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ ನಮ್ಮೂರು. ಮಾವನಿಗೆ ಸ್ವಲ್ಪ ಗಜನಿ ಗದ್ದೆ ಇದೆ. ಹಿಂದೆ ಅದರಲ್ಲಿ ಕಗ್ಗ ಭತ್ತ ಬೆಳೀತಿದ್ದರು, ಈಗ ಸಿಗಡಿ ಸಾಕ್ತಾರೆ.

"ತಮ್ಮಾ, ಒಂದ್ ಮಾತು ಕೇಳೂದಿತ್ತು. ಸಿಗಡಿ ಕೆರೆಗೆ ಹಾಕ್ತೇವಲ್ಲ ಪ್ರೊಬಯಾಟಿಕ್ ಪುಡಿ, ಅದನ್ನ ಹೊಳೆಗೆ ಹಾಕಿದ್ರೆ ಬೆಳಚಿಗೂ ಒಳ್ಳೇದಂತೆ. ನೀರಲ್ಲಿರೂ ವಿಷ ಎಲ್ಲ ಅದು ಎಳ್ಕೊಳ್ತದಂತೆ. ಪುಡಿ ಮಾರೂಕೆ ಬಂದವ ಹೇಳ್ದ. ಹೌದಾ?"

ಬೆಳಚು ಅಂದ್ರೆ ಮಂಗಳೂರು ಕಡೆಯವರ ಮರುವಾಯಿ. ಮುಂಬಯಿ ಮೀನು ಮಾರ್ಕೆಟ್ಟಿನಲ್ಲಿ ತಿಸರ್‍ಯಾ ಅಂತ ಮಾರ್ತಾರಲ್ಲ, ಅದೇ ಕುಲದ್ದು. ನೀರು ಇಳಿದಾಗ ನಮ್ಮ ಕಡೆ ಹೆಂಗಸರು ಮೊಣಕಾಲುದ್ದದ ಕೆಸರಲ್ಲಿ ನಿಂತು ಕಾಲಿನಿಂದ ತಡವಿ ತಡವಿ ಹುಡುಕಿ ತೆಗೀತಾರೆ. ನನ್ನ ಅತ್ತೆಯೂ ಹಾಗೇ ತೆಗೆದು ಮಾರಿದವಳು. ನಾನು ಇಂಜಿನಿಯರಿಂಗ್ ಓದುವಾಗ ಒಂದು ವರ್ಷ ಹಾಸ್ಟೆಲ್ ಫೀಸಿಗೆ ದುಡ್ಡು ಸಾಲದೇ ಬಂದಾಗ ಕೊಟ್ಟಿದ್ದು ಬೆಳಚಿನ ದುಡ್ಡೇ. ಆದ್ದರಿಂದ ಮಾವ ಕೇಳಿದ ಪ್ರಶ್ನೆಗೆ "ಗೂಗಲ್ ಮಾಡಿ ಹೇಳ್ತೆ" ಅಂತ ತಪ್ಪಿಸಿಕೊಳ್ಳೋ ಹಾಗೆ ಇರಲಿಲ್ಲ. ಆ ಪುಡಿ ಪುಕ್ಕಟೆ ಬೇರೆ ಅಲ್ಲ. ಹತ್ತು ಮನೆಯವರು ಸೇರಿ ದುಡ್ಡು ಹಾಕೋಣ ಅಂತ ಮಾತು ನಡೆದಿತ್ತು.

ಓದ್ತಾ ಹೋದ ಹಾಗೆ ಉತ್ತರ ಸಿಕ್ಕಿದ್ದು ನಮ್ಮ ಹೊಳೆಯಲ್ಲಲ್ಲ, ಫ್ರಾನ್ಸಿನ ಒಂದು ಕೊಲ್ಲಿಯಲ್ಲಿ.

ಬೋರ್ಡೋ ಪಟ್ಟಣದಿಂದ ಪಶ್ಚಿಮಕ್ಕೆ, ಅಟ್ಲಾಂಟಿಕ್ ದಂಡೆಯಲ್ಲಿ ಆರ್ಕಶೋನ್ ಅಂತ ಒಂದು ಕೊಲ್ಲಿ ಇದೆ. ಸಮುದ್ರಕ್ಕೆ ಬಾಯಿ ಕಿರಿದು, ಒಳಗೆ ವಿಶಾಲ. ಉಬ್ಬರಕ್ಕೆ ತುಂಬುತ್ತೆ, ಇಳಿತಕ್ಕೆ ಮೈಲಿಗಟ್ಟಲೆ ಕೆಸರು ತೇಲುತ್ತೆ. ಅಳಿವೆ ದಂಡೆಯಲ್ಲಿ ಹುಟ್ಟಿದವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಆ ಕೊಲ್ಲಿ ಬದುಕಿದ್ದೇ ಸಿಂಪಿಯ ಮೇಲೆ, ಅಂದ್ರೆ ಆಯ್ಸ್ಟರ್ ಮೇಲೆ. 1850ರ ದಶಕದ ಹೊತ್ತಿಗೆ ಅಗೆದೂ ಅಗೆದೂ ಅಲ್ಲಿನ ಸಿಂಪಿ ಮುಗಿಯುತ್ತಾ ಬಂದಿತ್ತು. ಆಗ ವಿಕ್ಟರ್ ಕೋಸ್ಟ್ ಅನ್ನೋ ಭ್ರೂಣಶಾಸ್ತ್ರಜ್ಞ ಇಟಲಿಯ ಫುಸಾರೋ ಸರೋವರಕ್ಕೆ ಹೋಗಿ, ಅಲ್ಲಿ ಸಿಂಪಿಯನ್ನ ಬೆಳೆಯ ಹಾಗೆ ಬೆಳೆಸೋದನ್ನ ನೋಡಿ ಬಂದು, ಚಕ್ರವರ್ತಿ ಮೂರನೇ ನೆಪೋಲಿಯನ್‌ನ ಒಪ್ಪಿಸಿದ. ಸರಕಾರದ ಖರ್ಚಿನಲ್ಲೇ ಆರ್ಕಶೋನ್‌ನಲ್ಲಿ ಮಾದರಿ ಸಿಂಪಿ ತೋಟಗಳಾದವು.

ಆದರೆ ಕೆಲಸವನ್ನ ಸುಲಭ ಮಾಡಿದ್ದು ವಿಜ್ಞಾನಿಯಲ್ಲ, ಮಿಶೆಲೆ ಅನ್ನೋ ಒಬ್ಬ ಗಾರೆ ಕೆಲಸದವನು. ಸಿಂಪಿಯ ಮರಿ ಮೊಟ್ಟೆಯೊಡೆದು ಎರಡು ಮೂರು ವಾರ ನೀರಲ್ಲಿ ತೇಲುತ್ತೆ, ಆಮೇಲೆ ಗಟ್ಟಿ ಜಾಗ ಹುಡುಕಿ ಅಂಟಿಕೊಳ್ಳುತ್ತೆ. ಒಂದು ಸಲ ಅಂಟಿದರೆ ಮುಗೀತು, ಜೀವಮಾನವೆಲ್ಲ ಅಲ್ಲೇ. ಹೆಂಚು ಇಟ್ಟರೆ ಹೆಂಚಿಗೆ ಅಂಟುತ್ತೆ, ಆದರೆ ಕೀಳಲಿಕ್ಕೆ ಹೋದರೆ ಮರಿಯೇ ಒಡೆಯುತ್ತೆ. ಈ ಮನುಷ್ಯ 1865ರ ಹೊತ್ತಿಗೆ ಹೆಂಚಿಗೆ ಸುಣ್ಣದ ಲೇಪ ಕೊಟ್ಟ. ಮರಿ ಸುಣ್ಣಕ್ಕೆ ಅಂಟಿತು, ಸುಣ್ಣದ ಸಮೇತ ಮೆತ್ತಗೆ ಕಿತ್ತು ಬಂತು. ನಮ್ಮ ಕಡೆ ಚಿಪ್ಪಿ ಸುಟ್ಟು ಸುಣ್ಣ ಮಾಡ್ತಿದ್ದರು, ಅವರು ಸುಣ್ಣ ಬಳಿದು ಚಿಪ್ಪಿ ಬೆಳೆದರು. ಓದುವಾಗ ನನಗೆ ನಗು ಬಂತು. ಇವತ್ತಿಗೂ ಆ ಕೊಲ್ಲಿಯಲ್ಲಿ ಸುಣ್ಣದ ಹೆಂಚಿನ ಸಾಲು ಕಾಣುತ್ತೆ, ಅಲ್ಲಿಯ ಮರಿ ಫ್ರಾನ್ಸಿನ ಬೇರೆ ದಂಡೆಗಳಿಗೂ ಹೋಗುತ್ತೆ. ಹಾಗಾಗಿ ಆರ್ಕಶೋನ್‌ನಲ್ಲಿ ಮರಿ ಹಿಡಿಯದಿದ್ದರೆ ಪೆಟ್ಟು ಬೀಳೋದು ಒಂದು ಊರಿಗಲ್ಲ.

ಅಲ್ಲಿಯವರಿಗೆ ಸಿಂಪಿ ಸಾಯೋದು ಹೊಸದೇನಾಗಿರಲಿಲ್ಲ. ಮೊದಲಿದ್ದ ಚಪ್ಪಟೆ ಸಿಂಪಿ 1920ರ ಸುಮಾರಿಗೆ ರಾಶಿ ರಾಶಿ ಸತ್ತಿತು. ಅಷ್ಟರಲ್ಲಿ ಪೋರ್ಚುಗಲ್‌ನ ಇನ್ನೊಂದು ಜಾತಿ ಬಂದು ಸೇರಿತ್ತು. ಅದು ಬಂದ ಬಗೆಯೇ ಒಂದು ಕಥೆ. 1868ರಲ್ಲಿ ಮೊರ್ಲೇಸಿಯನ್ ಅನ್ನೋ ಹಡಗು ಬಿರುಗಾಳಿಗೆ ಸಿಕ್ಕಿ ಜಿರೋಂದ್ ಅಳಿವೆಯಲ್ಲಿ ನಿಂತಿತು. ಹೊತ್ತು ತಂದ ಸಿಂಪಿ ಸತ್ತು ನಾರ್ತಿದೆ ಅಂತ ಅಲ್ಲೇ ನೀರಿಗೆ ಸುರಿದರು. ಎಲ್ಲ ಸತ್ತಿರಲಿಲ್ಲ! ಬದುಕಿದ್ದವು ದಂಡೆಯುದ್ದಕ್ಕೂ ಹಬ್ಬಿದವು. ಆ ಜಾತಿಯೂ 1970ರ ಸುಮಾರಿಗೆ ಕಿವಿರಿನ ವೈರಸ್ ರೋಗಕ್ಕೆ ಹೋಯ್ತು. ಆಗ ಜಪಾನಿನ ಸಿಂಪಿಯನ್ನ ವಿಮಾನದಲ್ಲಿ ತರಿಸಿ ಬಿತ್ತಿದರು. ಅದು ಚೆನ್ನಾಗಿ ಹಿಡೀತು. ಊರು ಉಸಿರಾಡಿತು.

ಆಮೇಲೆ 1970ರ ದಶಕದ ಕೊನೆ. ಹೆಂಚು ಇಟ್ಟರೆ ಮರಿ ಬರಲಿಲ್ಲ. ಒಂದು ವರ್ಷ ಅಲ್ಲ, ವರ್ಷದ ಮೇಲೆ ವರ್ಷ. ದೊಡ್ಡ ಸಿಂಪಿ ಮೊಟ್ಟೆ ಇಡ್ತಿತ್ತು, ಮರಿ ತೇಲ್ತಿತ್ತು, ಕೆಲವೇ ದಿನಕ್ಕೆ ಕಾಣೆಯಾಗ್ತಿತ್ತು. ಉಳಿದ ದೊಡ್ಡ ಸಿಂಪಿಗಳ ಚಿಪ್ಪು ವಿಚಿತ್ರವಾಗಿ ದಪ್ಪವಾಗ್ತಾ ಬಂತು. ಒಡೆದು ನೋಡಿದರೆ ಚಿಪ್ಪಿನ ಒಳಗೇ ಪದರ ಪದರವಾಗಿ ಗೂಡು, ಅದರಲ್ಲಿ ಲೋಳೆ. ಕೆಲವು ಚೆಂಡಿನ ಹಾಗೆ ಗುಂಡಗಾಗಿ, ಒಳಗಿನ ಮಾಂಸ ಅಡಿಕೆಯಷ್ಟಾಗಿತ್ತು. ಯಾರು ಕೊಳ್ತಾರೆ ಅದನ್ನ? ವರ್ಷಕ್ಕೆ 10ರಿಂದ 15 ಸಾವಿರ ಟನ್ ಬೆಳೀತಿದ್ದ ಕೊಲ್ಲಿಯಲ್ಲಿ 1981ರಲ್ಲಿ ಸಿಕ್ಕಿದ್ದು 3 ಸಾವಿರ ಟನ್. ಒಟ್ಟು ನಷ್ಟ ಸುಮಾರು 14.7 ಕೋಟಿ ಡಾಲರ್ ಅಂತ ಆಮೇಲೆ ಲೆಕ್ಕ ಹಾಕಿದರು.

ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದರೆ, ಪ್ರೊಡಕ್ಷನ್ ಬಿದ್ದಿದೆ, ಲಾಗ್‌ನಲ್ಲಿ ಎರರ್ ಇಲ್ಲ. ಹಿಂದೆಯೂ ರೋಗ ಬಂದಿತ್ತು, ಹಾಗಾಗಿ ಎಲ್ಲರೂ ಮೊದಲು ಹುಡುಕಿದ್ದು ರೋಗವನ್ನೇ. ರೋಗ ಸಿಗಲಿಲ್ಲ.

ಫ್ರಾನ್ಸಿನ ಮೀನುಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಕ್ಲೋಡ್ ಅಲ್ಜಿಯು ಅನ್ನೋ ರಸಾಯನಶಾಸ್ತ್ರಜ್ಞ ಇದ್ದರು. ಅವರೂ ಅವರ ಜೊತೆಯವರೂ ನೋಡಿದ್ದು ನಕಾಶೆಯನ್ನ. ಚಿಪ್ಪು ಕೆಟ್ಟ ಸಿಂಪಿ ಎಲ್ಲಿ ಹೆಚ್ಚು? ವಿಹಾರದ ದೋಣಿಗಳು ನಿಲ್ಲುವ ಬಂದರುಗಳ ಹತ್ತಿರ. ದೂರ ಹೋದ ಹಾಗೆ ಕಡಿಮೆ. ಆರ್ಕಶೋನ್ ಆಗ ರಜೆ ಕಳೆಯುವವರ ಊರೂ ಆಗಿತ್ತು, ಬೇಸಿಗೆಯಲ್ಲಿ ಸಾವಿರಾರು ದೋಣಿ ಬಂದು ನಿಲ್ತಿದ್ದವು. ದೋಣಿಯ ತಳಕ್ಕೆ ಬಳಿಯುವ ಬಣ್ಣವನ್ನ ಹಲಗೆಗೆ ಬಳಿದು ತೊಟ್ಟಿಯಲ್ಲಿಟ್ಟು, ಆ ನೀರಲ್ಲಿ ಆರೋಗ್ಯದ ಸಿಂಪಿ ಬಿಟ್ಟು ನೋಡಿದರು. ಅದೇ ಗೂಡು, ಅದೇ ಲೋಳೆ.

ಬಣ್ಣದಲ್ಲಿದ್ದದ್ದು ಟ್ರೈಬ್ಯುಟೈಲ್‌ಟಿನ್, ಚಿಕ್ಕದಾಗಿ ಟಿಬಿಟಿ. ತವರದ ಪರಮಾಣುವಿಗೆ ಮೂರು ಬ್ಯುಟೈಲ್ ಬಾಲ ಅಂಟಿಸಿದ ಹಾಗೆ ಅಂದುಕೊಳ್ಳಿ. ಇದರ ಹುಟ್ಟೂರು ನೆದರ್ಲೆಂಡ್ಸಿನ ಉಟ್ರೆಕ್ಟ್. 1950ರ ದಶಕದಲ್ಲಿ ವಾನ್ ಡರ್ ಕೆರ್ಕ್ ಅನ್ನೋ ರಸಾಯನಶಾಸ್ತ್ರಜ್ಞ ಮತ್ತು ಅವರ ತಂಡ, ತವರಕ್ಕೆ ಇಂಥ ಮೂರು ಬಾಲ ಸೇರಿದರೆ ಶಿಲೀಂಧ್ರ ಸಾಯುತ್ತೆ ಅಂತ ಕಂಡುಹಿಡಿದರು. ಆಮೇಲೆ ಉಷ್ಣದೇಶಗಳಲ್ಲಿ ಬಿಲ್ಹಾರ್ಜಿಯ ರೋಗ ಹರಡುವ ಬಸವನಹುಳ ಕೊಲ್ಲಲಿಕ್ಕೆ ಇದನ್ನ ಪರೀಕ್ಷೆ ಮಾಡಿ ನೋಡಿದರು. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಬಸವನಹುಳವೂ ಸಿಂಪಿಯೂ ಬೆಳಚೂ ಒಂದೇ ಮೃದ್ವಂಗಿ ವಂಶದವು. ಬಸವನಹುಳಕ್ಕೆ ವಿಷ ಅಂತ ಗೊತ್ತಿದ್ದ ಪದಾರ್ಥವನ್ನ ಇಪ್ಪತ್ತು ವರ್ಷ ಆದಮೇಲೆ ಸಿಂಪಿ ತೋಟದ ಪಕ್ಕದಲ್ಲಿ ತೇಲಿಬಿಟ್ಟು, ಸಿಂಪಿಗೆ ಏನಾಯ್ತು ಅಂತ ಆಶ್ಚರ್ಯಪಟ್ಟರು!

ಆದರೆ ಹಡಗಿನವರ ಕಡೆಯಿಂದ ನೋಡಿದರೆ ಅದು ಅದ್ಭುತ ಬಣ್ಣ. ದೋಣಿಯ ತಳಕ್ಕೆ ಪಾಚಿ, ಚಿಪ್ಪು ಅಂಟಿದರೆ ವೇಗ ಇಳಿಯುತ್ತೆ, ಎಣ್ಣೆ ಖರ್ಚು ಏರುತ್ತೆ. 1970ರ ದಶಕದಲ್ಲಿ ಎಣ್ಣೆ ಬೆಲೆ ಆಕಾಶಕ್ಕೆ ಹೋದಾಗಲೇ, ನೀರಲ್ಲಿ ನಿಧಾನವಾಗಿ ಸವೆಯುತ್ತಾ ಹೊಸ ಹೊಸ ವಿಷದ ಪದರ ತೆರೆಯುವ ಟಿಬಿಟಿ ಬಣ್ಣ ಮಾರುಕಟ್ಟೆಗೆ ಬಂತು. ವರ್ಷಗಟ್ಟಲೆ ತಳ ಕೆರೆಯೋ ಕೆಲಸ ಇಲ್ಲ. ಅದು ಕೆಟ್ಟು ಹೋಗಿ ವಿಷ ಬಿಟ್ಟದ್ದಲ್ಲ, ಹಾಗೆ ಬಿಡಬೇಕು ಅಂತಲೇ ಮಾಡಿದ್ದು.

ಎಷ್ಟು ಸಾಕಾಗಿತ್ತು ಗೊತ್ತಾ? ಲೀಟರಿಗೆ 2 ನ್ಯಾನೋಗ್ರಾಂ ಇದ್ದರೆ ಸಿಂಪಿಯ ಚಿಪ್ಪು ಕೆಡಲು ಶುರು. ಲೆಕ್ಕ ಹಾಕೋಣ. ಲೀಟರಿಗೆ 1 ನ್ಯಾನೋಗ್ರಾಂ ಅಂದ್ರೆ 100 ಕೋಟಿ ಲೀಟರಿಗೆ 1 ಗ್ರಾಂ. ಒಂದು ಒಲಿಂಪಿಕ್ ಈಜುಕೊಳ ಸುಮಾರು 25 ಲಕ್ಷ ಲೀಟರ್. ಹಾಗಾದರೆ 2 ನ್ಯಾನೋಗ್ರಾಂ ಅಂದ್ರೆ ಇನ್ನೂರು ಈಜುಕೊಳಕ್ಕೆ 1 ಗ್ರಾಂ. ಆ ಕಾಲದಲ್ಲಿ ಇಷ್ಟು ಕಡಿಮೆಯದನ್ನ ಸಮುದ್ರದ ನೀರಲ್ಲಿ ಅಳೆಯೋದು ಪ್ರಯೋಗಶಾಲೆಗಳಿಗೆ ಬಹಳ ಕಷ್ಟವಿತ್ತು. ಸಿಂಪಿ ಅಳೆದಿತ್ತು.

ಫ್ರಾನ್ಸ್ ಸರಕಾರ ಮಾಡಿದ್ದು ನನಗೆ ಇಡೀ ಕಥೆಯಲ್ಲೇ ದೊಡ್ಡದಾಗಿ ಕಾಣೋದು. 1982ರ ಜನವರಿಯಲ್ಲಿ, 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಟಿಬಿಟಿ ಬಣ್ಣ ಬಳಿಯಕೂಡದು ಅಂತ ತಡೆ ಹಾಕಿದರು. ಮೊದಲು ತಾತ್ಕಾಲಿಕವಾಗಿ, ಆಮೇಲೆ ಮುಂದುವರಿಸಿದರು. ಕೊಲ್ಲಿಯ ನೀರಲ್ಲಿ ಎಷ್ಟು ಟಿಬಿಟಿ ಇದೆ ಅನ್ನೋ ಪಕ್ಕಾ ಅಳತೆ ಪ್ರಕಟವಾಗಿದ್ದು ಅದಾದ ಮೇಲೆ. ಅಂದ್ರೆ ಪೂರ್ತಿ ಪುರಾವೆ ಬರೋವರೆಗೆ ಅವರು ಕಾಯಲಿಲ್ಲ. ಕೆಟ್ಟ ಚಿಪ್ಪು, ಬಾರದ ಮರಿ, ತೊಟ್ಟಿಯ ಪ್ರಯೋಗ, ಜೊತೆಗೆ ಸಿಂಪಿ ಬೆಳೆಗಾರರ ಕೂಗು, ಇಷ್ಟು ಸಾಕಾಯ್ತು. ಅದೇ ವರ್ಷ ಬೇಸಿಗೆಯಲ್ಲಿ ಹೆಂಚಿನ ಮೇಲೆ ಮರಿ ಬಂತು. ಚಿಪ್ಪು ಸರಿಯಾಗಲಿಕ್ಕೆ ಇನ್ನೂ ಕೆಲವು ವರ್ಷ ಹಿಡಿಯಿತು, ಆದರೆ ಬೆಳೆ ಎದ್ದು ನಿಂತಿತು.

ಬೇರೆ ದೇಶದವರು ಅಷ್ಟು ಬೇಗ ಕದಲಲಿಲ್ಲ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ 1970ರಲ್ಲೇ ಬ್ಲೇಬರ್ ಅನ್ನೋರು ಹೆಣ್ಣು ಕಡಲಬಸವನಿಗೆ ಗಂಡಿನ ಅಂಗ ಮೂಡಿರೋದನ್ನ ಕಂಡಿದ್ದರು. ಅಮೆರಿಕದಲ್ಲಿ ಸ್ಮಿತ್ ಅನ್ನೋರು ಇನ್ನೊಂದು ಜಾತಿಯಲ್ಲಿ ಅದನ್ನೇ ಕಂಡು 'ಇಂಪೋಸೆಕ್ಸ್' ಅಂತ ಹೆಸರಿಟ್ಟರು, 1981ರಲ್ಲಿ ಅದನ್ನ ಟಿಬಿಟಿಗೆ ಜೋಡಿಸಿದರು. ಬ್ರಿಟನ್ ಚಿಕ್ಕ ದೋಣಿಗಳಿಗೆ ತಡೆ ಹಾಕಿದ್ದು 1987ರಲ್ಲಿ, ಅಮೆರಿಕ ಕಾನೂನು ಮಾಡಿದ್ದು 1988ರಲ್ಲಿ. ದೊಡ್ಡ ಹಡಗುಗಳಿಗೂ ಸೇರಿಸಿ ಜಗತ್ತಿನ ಒಪ್ಪಂದ ಆಗಿದ್ದು 2001ರಲ್ಲಿ, ಜಾರಿಗೆ ಬಂದಿದ್ದು 2008ರ ಸೆಪ್ಟೆಂಬರ್‌ನಲ್ಲಿ. ಆರ್ಕಶೋನ್‌ನ ತಡೆಯಿಂದ ಎಣಿಸಿದರೆ 26 ವರ್ಷ. ಆ 26 ವರ್ಷದಲ್ಲಿ ನಮ್ಮ ಬಂದರುಗಳೂ ತಮ್ಮ ಪಾಲು ಪಡೆದವು. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಮೊರ್ಮುಗೋವಾ, ಕೊಚ್ಚಿಯಂಥ ಕಡೆ ಕೆಸರಲ್ಲಿ ಟಿಬಿಟಿ ಕಂಡು ಬರೆದಿದ್ದಾರೆ.

ಕೆಸರು ಅಂದೆ. ನೀರಲ್ಲಿರುವ ಟಿಬಿಟಿ ದಿನಗಳಲ್ಲಿ, ವಾರಗಳಲ್ಲಿ ಕರಗಿಹೋಗುತ್ತೆ. ಕೆಸರಿಗೆ ಇಳಿದದ್ದು, ಅದರಲ್ಲೂ ಗಾಳಿಯಾಡದ ಕಪ್ಪು ಕೆಸರಿಗೆ ಇಳಿದದ್ದು, ವರ್ಷಗಟ್ಟಲೆ ಇರುತ್ತೆ. ಬೆಳಚು ಇರೋದು ಕೆಸರಲ್ಲೇ. ಆ ವಿಷವನ್ನ ಮುರಿಯುವ ಕೆಲಸ ಬಹುಪಾಲು ಮಾಡೋದು ಸೂಕ್ಷ್ಮಜೀವಿಗಳು. ಮೂರು ಬಾಲದಲ್ಲಿ ಒಂದನ್ನ ಕಡೀತಾವೆ, ಆಮೇಲೆ ಇನ್ನೊಂದು, ಆಮೇಲೆ ಕೊನೇದು. ಒಂದೊಂದು ಬಾಲ ಹೋದ ಹಾಗೆ ವಿಷ ಇಳಿಯುತ್ತೆ.

ಮಾವನ ಪುಡಿಯ ಕಥೆ ಇಲ್ಲಿಂದ ಶುರು. ಬ್ಯಾಕ್ಟೀರಿಯಾ ವಿಷ ಮುರಿಯೋದು ಸುಳ್ಳಲ್ಲ. ಹಾಗಾದರೆ ಅದನ್ನೇ ಪೊಟ್ಟಣ ಕಟ್ಟಿ ಚಿಪ್ಪುಜೀವಿಗೆ ಕೊಟ್ಟರಾಯ್ತಲ್ಲ?

ಪ್ರೊಬಯಾಟಿಕ್ ಅನ್ನೋ ಯೋಚನೆಯ ಹಿಂದೆ ನಿಂತ ಮನುಷ್ಯ ಎಲೀ ಮೆಚ್ನಿಕಾಫ್. ಬಲ್ಗೇರಿಯದ ಮೊಸರು, ದೀರ್ಘಾಯುಷ್ಯ ಅಂತ 1907ರಲ್ಲಿ ಬರೆದವರು ಅಂತ ನಮಗೆ ಗೊತ್ತು. ಆದರೆ ಅವರ ದಾರಿ ಶುರುವಾಗಿದ್ದು ಸಮುದ್ರದ ಹುಳದಿಂದ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ, ಸಮುದ್ರದ ಪಕ್ಕದ ಮನೆಯಲ್ಲಿ, ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟು ಮಲಗಿದರು. ಬೆಳಿಗ್ಗೆ ಎದ್ದು ನೋಡಿದರೆ ಮರಿಯ ಮೈಯೊಳಗಿನ ಕಣಗಳು ಮುಳ್ಳನ್ನ ಸುತ್ತುವರಿದಿದ್ದವು. ಹೊರಗಿನಿಂದ ಬಂದದ್ದನ್ನ ನುಂಗುವ ಕಾವಲು ಕಣಗಳು. 1908ರ ನೊಬೆಲ್ ಬಂದಿದ್ದು ಈ ಕೆಲಸಕ್ಕೆ, ಮೊಸರಿಗಲ್ಲ. ಸಿಂಪಿಯ ರಕ್ತದಲ್ಲೂ ಅಂಥವೇ ಕಣಗಳಿವೆ. ಟಿಬಿಟಿಯಂಥ ವಿಷ ಸಿಂಪಿಯನ್ನ ಕೊಲ್ಲದೇ ಇದ್ದಾಗಲೂ ಅದರ ರೋಗ ತಡೆಯುವ ಶಕ್ತಿಯನ್ನ ಕುಗ್ಗಿಸುತ್ತೆ ಅಂತ 1990ರ ದಶಕದಲ್ಲಿ ಅಮೆರಿಕದಲ್ಲಿ ತೋರಿಸಿದರು. ಟಿಬಿಟಿ ತಿಂದ ಸಿಂಪಿಗೆ ಪರೋಪಜೀವಿ ಬೇಗ ಹತ್ತಿತು. ಇದನ್ನ ನೆನಪಿಟ್ಟುಕೊಳ್ಳಿ, ಪ್ರೊಬಯಾಟಿಕ್‌ನಿಂದ ನಿಜವಾದ ಸಹಾಯ ಏನಾದರೂ ಇದ್ದರೆ ಅದು ಇಲ್ಲೇ.

ಚಿಪ್ಪುಜೀವಿಗೆ ಒಳ್ಳೇ ಬ್ಯಾಕ್ಟೀರಿಯಾ ಕೊಡೋ ಪ್ರಯತ್ನ ಹೊಸದಲ್ಲ. ಅಮೆರಿಕದ ಒರೆಗಾನ್‌ನಲ್ಲಿ ಡುಯೆ ಮತ್ತು ಲ್ಯಾಂಗ್ಡನ್ ಅನ್ನೋರು ಜಪಾನ್ ಸಿಂಪಿಯ ಮರಿಗಳಿಗೆ ಪಾಚಿಯ ಜೊತೆ ಒಂದು ಬ್ಯಾಕ್ಟೀರಿಯಾ ತಿನ್ನಿಸಿ, ಮರಿ ಚೆನ್ನಾಗಿ ಬೆಳೆದವು ಅಂತ 1994ರಲ್ಲಿ ಬರೆದರು. ರೋಡ್ ಐಲೆಂಡ್ ವಿಶ್ವವಿದ್ಯಾಲಯದವರು ಎರಡು ಬ್ಯಾಕ್ಟೀರಿಯಾ ಆರಿಸಿದರು. ಒಂದು ಆರೋಗ್ಯದ ಸಿಂಪಿಯ ಚಿಪ್ಪಿನ ಒಳಮೈಯಿಂದ ತೆಗೆದದ್ದು, ಇನ್ನೊಂದು ಅಲ್ಲಿಯ ಕೊಲ್ಲಿಯ ಸ್ಪಂಜಿನಿಂದ. ಅವನ್ನ ನೀರಿಗೆ ಬೆರೆಸಿದ ತೊಟ್ಟಿಯ ಮರಿಗಳು ವಿಬ್ರಿಯೋ ರೋಗಾಣುವಿನ ಎದುರು ಹೆಚ್ಚು ಬದುಕಿದವು, 2013ರಲ್ಲಿ ಪ್ರಕಟವಾಯ್ತು. ಆದರೆ ಅವನ್ನ ತೆಗೆದ ಮೇಲೆ ರಕ್ಷಣೆ ಹೆಚ್ಚು ಹೊತ್ತು ಉಳಿಯಲಿಲ್ಲ. ಮತ್ತೆ ಮತ್ತೆ ಹಾಕ್ತಾ ಇರಬೇಕು. ಗಮನಿಸಿ, ಇದೆಲ್ಲ ತೊಟ್ಟಿಯಲ್ಲಿ, ಮತ್ತು ರೋಗದ ವಿರುದ್ಧ. ರಾಸಾಯನಿಕದ ವಿರುದ್ಧ ಅಲ್ಲ.

ರಾಸಾಯನಿಕದ ವಿರುದ್ಧ? ಅದಕ್ಕೂ ಸುಳಿವುಗಳಿವೆ. ಮೊಸರಿನ ಬಂಧುವಾದ ಲ್ಯಾಕ್ಟೋಬ್ಯಾಸಿಲಸ್‌ನ ಕೆಲವು ತಳಿಗಳ ಹೊರಗೋಡೆಗೆ ಕ್ಯಾಡ್ಮಿಯಂನಂಥ ಲೋಹ ಅಂಟಿಕೊಳ್ಳುತ್ತೆ. ಚೀನಾದ ಜಿಯಾಂಗ್ನಾನ್ ವಿಶ್ವವಿದ್ಯಾಲಯದವರು ಕ್ಯಾಡ್ಮಿಯಂ ನೀರಲ್ಲಿದ್ದ ತಿಲಾಪಿಯಾ ಮೀನಿಗೆ ಅಂಥ ಒಂದು ತಳಿಯನ್ನ ಮೇವಿನಲ್ಲಿ ಕೊಟ್ಟು, ಮೀನಿನ ಮೈಗೆ ಸೇರಿದ ಲೋಹ ಕಡಿಮೆಯಾಗಿದ್ದನ್ನ ಕಂಡರು. ಮೀನಿಗೆ ಮೇವು ಹಾಕಬಹುದು. ಬೆಳಚಿಗೆ ಮೇವು ಹಾಕೋದು ಹೇಗೆ? ಅದು ತಿನ್ನೋದು ಹರಿಯೋ ನೀರನ್ನ ಸೋಸಿ. ಹಾಕಿದ ಪುಡಿ ಅದರ ಬಾಯಿಗೆ ಹೋಗೋ ಮೊದಲು ಇಳಿತಕ್ಕೆ ಅರಬ್ಬೀ ಸಮುದ್ರಕ್ಕೆ ಹೋಗಿರುತ್ತೆ.

ಟಿಬಿಟಿಯನ್ನೇ ತಿನ್ನೋ ಬ್ಯಾಕ್ಟೀರಿಯಾ ಇಲ್ವಾ ಅಂದ್ರೆ, ಇದೆ. ಪೋರ್ಚುಗಲ್‌ನ ಅವೇರೋ ಅಳಿವೆಯಲ್ಲಿ, ಅದೂ ಬಂದರಿನ ದಂಡೆಯ ಊರೇ, ಟಿಬಿಟಿಯನ್ನ ಆಹಾರವಾಗಿ ಬಳಸಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಸಿಕ್ಕಿತು ಅಂತ 2007ರಲ್ಲಿ ವರದಿಯಾಯ್ತು. ಓದಿ ಖುಷಿಯಾಯ್ತು ನನಗೆ, ಹೆಸರು ನೋಡೋವರೆಗೆ. ಏರೋಮೋನಾಸ್ ವೆರೋನೈ. ಮೀನು ಸಾಕುವವರನ್ನ ಕೇಳಿ ಈ ಹೆಸರು. ಇದೇ ಜಾತಿಯ ತಳಿಗಳು ಮೀನಿಗೆ ಹುಣ್ಣಿನ ರೋಗ ತರುತ್ತವೆ, ಮನುಷ್ಯರಿಗೂ ಒಮ್ಮೊಮ್ಮೆ ಕಾಯಿಲೆ ತರುತ್ತವೆ. ವಿಷ ತಿನ್ನೋ ಗುಣ ಇದೆ ಅಂತ ಇದನ್ನ ಪೊಟ್ಟಣ ಕಟ್ಟಿ ಹೊಳೆಗೆ ಸುರಿದರೆ ಏನಾಗುತ್ತೆ ಅಂತ ನೀವೇ ಯೋಚಿಸಿ. ಕೆಸರಿನಲ್ಲಿ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿರಲಿ.

ಇನ್ನೊಂದು ಪ್ರಶ್ನೆ ನನ್ನನ್ನ ಕೊರೀತಾ ಇತ್ತು. ಒಂದು ವೇಳೆ ಪುಡಿ ಕೆಲಸ ಮಾಡ್ತು ಅಂತಲೇ ಇಟ್ಟುಕೊಳ್ಳೋಣ. ಬೆಳಚು ಸಾಯಲಿಲ್ಲ, ಗಟ್ಟಿಯಾಗಿ ಬದುಕ್ತು. ಆದರೆ ವಿಷ ಅದರ ಮೈಯಲ್ಲೇ ಇದ್ದರೆ? ಸತ್ತ ಬೆಳಚನ್ನ ಯಾರೂ ತಿನ್ನಲ್ಲ. ಬದುಕಿದ್ದನ್ನ ತಿಂತೀವಿ.

ಇದಕ್ಕೆ ಇತಿಹಾಸದಲ್ಲಿ ಜಪಾನಿನ ಮಿನಮಾತಾ ಇದೆ. 1956ರ ಮೇ 1ರಂದು ಅಲ್ಲಿಯ ರೋಗ ಅಧಿಕೃತವಾಗಿ ದಾಖಲಾಯ್ತು. ಚಿಸ್ಸೋ ಕಂಪನಿಯ ಕಾರ್ಖಾನೆಯಿಂದ ಬಂದ ಪಾದರಸ ಕೊಲ್ಲಿಯ ಮೀನಿಗೆ, ಚಿಪ್ಪಿಗೆ ಸೇರಿ, ತಿಂದವರ ನರಮಂಡಲಕ್ಕೆ ಹೋಯ್ತು. ಕುಮಾಮೊತೊ ವಿಶ್ವವಿದ್ಯಾಲಯದವರು ಆ ಪಾದರಸದ ಸಂಯುಕ್ತವನ್ನ ಬೇರ್ಪಡಿಸಿ ತೆಗೆದದ್ದು ಕೊಲ್ಲಿಯ ಒಂದು ಜಾತಿಯ ಚಿಪ್ಪುಜೀವಿಯಿಂದ. ಅದು ವಿಷ ಹೊತ್ತುಕೊಂಡೇ ಬದುಕಿತ್ತು, ಅದನ್ನ ತಿಂದ ಜನ ಬಿದ್ದರು. 1959ರ ಡಿಸೆಂಬರ್‌ನಲ್ಲಿ ಕಾರ್ಖಾನೆಯವರು ನೀರು ಶುದ್ಧ ಮಾಡುವ ಯಂತ್ರ ಕೂರಿಸಿದರು. ಉದ್ಘಾಟನೆ ಆಯ್ತು, ಕಂಪನಿಯ ಅಧ್ಯಕ್ಷರು ಶುದ್ಧವಾದ ನೀರು ಅಂತ ಲೋಟದಲ್ಲಿ ಕುಡಿದು ತೋರಿಸಿದರು. ಆ ಯಂತ್ರ ಪಾದರಸ ತೆಗೆಯಲಿಕ್ಕೆ ಮಾಡಿದ್ದೇ ಆಗಿರಲಿಲ್ಲ ಅಂತ ಆಮೇಲೆ ಹೊರಬಂತು. ಪಾದರಸ ಬಿಡೋದು ನಿಂತಿದ್ದು 1968ರಲ್ಲಿ, ಅದೂ ಆ ಉತ್ಪಾದನೆಯನ್ನೇ ನಿಲ್ಲಿಸಿದಾಗ. ಯಂತ್ರ ಬಂದಿದೆ, ಇನ್ನು ಪರವಾಗಿಲ್ಲ ಅಂತ ನಂಬಿ ಜನ ಮೀನು ತಿಂದ ವರ್ಷಗಳು ನಡುವೆ ಹೋದವು.

ಪ್ರೊಬಯಾಟಿಕ್ ಸಂಶೋಧನೆಯೇ ಬೇಡ ಅಂತ ನಾನು ಹೇಳ್ತಿಲ್ಲ. ಮರಿ ಸಾಕುವ ತೊಟ್ಟಿಯಲ್ಲಿ, ಮುಚ್ಚಿದ ನೀರಲ್ಲಿ, ವಿಷದಿಂದ ಕುಗ್ಗಿದ ಮರಿಗೆ ರೋಗ ಹತ್ತದ ಹಾಗೆ ಅದು ಕಾಯಬಹುದು. ಸಿಗಡಿ ಕೆರೆಯಲ್ಲಿ ಅದಕ್ಕೆ ಜಾಗ ಇದೆ. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ನಮ್ಮ ಕರಾವಳಿಯ ಸಿಗಡಿಯನ್ನ ಮುಗಿಸಿದ ಮೇಲೆ, ಆಂಟಿಬಯಾಟಿಕ್ ಇದ್ದ ಸಿಗಡಿ ವಿದೇಶದಿಂದ ವಾಪಸ್ ಬರ್ತಾ ಹೋದ ಮೇಲೆ, ಕೆರೆಯವರು ಪ್ರೊಬಯಾಟಿಕ್ ಕಡೆ ತಿರುಗಿದ್ದರಲ್ಲಿ ಅರ್ಥ ಇದೆ. ಕೆರೆಗೆ ಕಟ್ಟೆ ಇದೆ, ಹಲಗೆ ಬಾಗಿಲಿದೆ, ನೀರು ಎಷ್ಟಿದೆ ಅಂತ ಗೊತ್ತಿದೆ. ಹೊಳೆಗೆ ಬಾಗಿಲಿಲ್ಲ. ಆರ್ಕಶೋನ್‌ನಲ್ಲಿ ದಿನಕ್ಕೆರಡು ಸಲ ಕೋಟ್ಯಂತರ ಘನ ಮೀಟರ್ ನೀರು ಒಳಗೆ ಬಂದು ಹೊರಗೆ ಹೋಗ್ತಿತ್ತು. ಅವರಿಗೆ ಮರಿ ವಾಪಸ್ ಕೊಟ್ಟಿದ್ದು ಕೊಲ್ಲಿಗೆ ಹಾಕಿದ ಯಾವ ಮದ್ದೂ ಅಲ್ಲ, ದೋಣಿಗೆ ಬಳಿಯದೇ ಬಿಟ್ಟ ಒಂದು ಬಣ್ಣ.

ಇದನ್ನೆಲ್ಲ ಓದಿ ಮುಗಿಸಿ, ಮುಂದಿನ ಭಾನುವಾರ ಮಾವನಿಗೆ ಫೋನ್ ಮಾಡಿದೆ. ನಾನು ಸುಮಾರು ಹೊತ್ತು ಹೇಳಿದೆ, ಅವರು ಹಾಂ ಹಾಂ ಅಂತ ಕೇಳಿದರು. ಕೊನೆಗೆ, "ಹಾಂಗಾರೆ ದುಡ್ಡು ಹಾಕೂದು ಬೇಡ ಅಂತೀಯ" ಅಂದರು. ಹೌದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಬೆಳಚು ಕಡಿಮೆ ಆಗ್ತಾ ಇರೂದು ಯಾಕೆ?" ಅಂದರು.

ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಚಿಪ್ಪಿ ಅಗೆಯೋದಿದೆ, ಮರಳಿದೆ, ಮಳೆ ಏರುಪೇರು ಇದೆ. ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿ ಸೇರಿದ ಸುದ್ದಿ 2024ರ ಶುರುವಿನಲ್ಲಿ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿಕೊಂಡಿದ್ದೆವು, ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಕೆಸರು ಯಾರ ಹತ್ತಿರವೂ ಬಂದು ತನ್ನ ಕಥೆ ಹೇಳಲ್ಲ. ಅಲ್ಜಿಯು ಅವರ ಹಾಗೆ ನಕಾಶೆ ಬಿಡಿಸಿ, ಎಲ್ಲಿ ಕಡಿಮೆ, ಎಲ್ಲಿ ಇನ್ನೂ ಇದೆ ಅಂತ ಗುರುತು ಹಾಕಬೇಕು. ಅದನ್ನ ಮಾವನಿಗೆ ಹೇಳಿದಾಗ ಅವರು ನಕ್ಕು, "ಅದಕ್ಕೆ ನಕಾಶೆ ಎಂತಕ್ಕೆ, ನಿನ್ನತ್ತೆ ಕೇಳು" ಅಂದರು. ಫೋನು ಅತ್ತೆ ಕೈಗೆ ಹೋಯ್ತು. ಅತ್ತೆ ಒಂದೊಂದೇ ಜಾಗದ ಹೆಸರು ಹೇಳ್ತಾ, ಇಲ್ಲಿ ಹತ್ತು ವರ್ಷದ ಹಿಂದೆ ಬುಟ್ಟಿ ತುಂಬ್ತಿತ್ತು, ಅಲ್ಲಿ ಈಗ ಕಾಲಿಟ್ಟರೆ ಬರೀ ಖಾಲಿ ಚಿಪ್ಪು, ದೋಣಿ ಎಳೆಯೋ ದಂಡೆಯ ಹತ್ತಿರದ್ದು ಬೇಯಿಸಿದರೆ ಎಣ್ಣೆ ವಾಸನೆ ಅಂತ ಇಪ್ಪತ್ತು ನಿಮಿಷ ಹೇಳಿದಳು. ಲ್ಯಾಪ್‌ಟಾಪ್ ತೆಗೆದು ಬರ್ಕೊಂಡೆ. ಈಗ ಒಂದು ಶೀಟ್ ಆಗಿದೆ, ಹದಿನೇಳು ಸಾಲು.

ಕೊನೆಗೆ ಮಾವನನ್ನ ಕೇಳಿದೆ, ನಮ್ಮ ದೋಣಿಗೆ ಈಗ ಏನು ಬಳೀತೀರಿ ಅಂತ. ಅಜ್ಜನ ಕಾಲದಲ್ಲಿ ಗೇರು ಸಿಪ್ಪೆಯ ಎಣ್ಣೆ ಬಳೀತಿದ್ದದ್ದು ನನಗೆ ನೆನಪಿದೆ, ಆ ವಾಸನೆ ಇನ್ನೂ ಮೂಗಲ್ಲಿದೆ. ಈಗ ಅಂಗಡಿಯಿಂದ ತಂದ ಡಬ್ಬಿ ಬಣ್ಣ ಅಂದರು. ಟಿಬಿಟಿ ಹೋದ ಮೇಲೆ ಹೆಚ್ಚಾಗಿ ಬಂದಿರೋದು ತಾಮ್ರದ ಬಣ್ಣ, ಅದರ ಜೊತೆ ಸೇರಿಸ್ತಿದ್ದ ಸೈಬ್ಯುಟ್ರಿನ್ ಅನ್ನೋದನ್ನೂ 2023ರ ಜನವರಿಯಿಂದ ಅದೇ ಜಾಗತಿಕ ಒಪ್ಪಂದದಲ್ಲಿ ತಡೆದಿದ್ದಾರೆ. ಡಬ್ಬಿಯ ಫೋಟೋ ಕಳಿಸಿ ಅಂದೆ. ವಾಟ್ಸಾಪ್‌ನಲ್ಲಿ ಬಂತು. ಮುಂದಿನ ಮೈಯಲ್ಲಿ ಕಂಪನಿ ಹೆಸರು, ಒಂದು ಹಡಗಿನ ಚಿತ್ರ. ಏನೇನು ಹಾಕಿದ್ದಾರೆ ಅನ್ನೋದು ಹಿಂದಿನ ಮೈಯಲ್ಲಿರುತ್ತೆ, ಅದು ಬಣ್ಣ ಸೋರಿ ಮುಚ್ಚಿಹೋಗಿದೆಯಂತೆ. ಮುಂದಿನ ಸಲ ಪೇಟೆಗೆ ಹೋದಾಗ ಹೊಸ ಡಬ್ಬಿಯದ್ದು ತೆಗೆದು ಕಳಿಸ್ತೇನೆ ಅಂದಿದ್ದಾರೆ.

ಕರಾವಳಿ ಕಡೆಯವರು ಯಾರಾದರೂ ಇದನ್ನ ಓದ್ತಾ ಇದ್ದರೆ, ಚೆನ್ನೈನಲ್ಲಿರಲಿ, ಹೈದರಾಬಾದ್‌ನಲ್ಲಿರಲಿ, ಮನೆಗೆ ಫೋನ್ ಮಾಡಿದಾಗ ನಿಮ್ಮ ಕಡೆ ಡಬ್ಬಿಯ ಹಿಂದಿನ ಮೈಯಲ್ಲಿ ಏನು ಬರೆದಿದೆ ಅಂತ ಕೇಳಿ ನನಗೂ ತಿಳಿಸಿ. ಶೀಟ್‌ನಲ್ಲಿ ಅದಕ್ಕೊಂದು ಕಾಲಂ ಇಟ್ಟಿದ್ದೇನೆ.